ಒತ್ತಿಗೊಂದು ಜಾಗ

ಯಾರು ಏನೇ ಕೆಲಸ ತಂದರೂ ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ಸೈಜ್ ಎಷ್ಟು?” ಬಣ್ಣ ಆಮೇಲೆ, ಚಿತ್ರ ಆಮೇಲೆ, ಏನು ಬರೆಯಬೇಕು ಅನ್ನುವುದೂ ಆಮೇಲೆ. ನಮ್ಮಮ್ಮ ಇದಕ್ಕೆ ನಗುತ್ತಿದ್ದಳು. “ಗಂಡಿನ ಕಡೆಯವರು ಫೋಟೋ ಕಳಿಸಿದ್ರೂ ನಮ್ಮ ಹುಡುಗಿ ಮುಖ ನೋಡಲ್ಲ ಕಣ್ರೀ, ಪಾಸ್‌ಪೋರ್ಟ್ ಸೈಜೋ ಪೋಸ್ಟ್‌ಕಾರ್ಡ್ ಸೈಜೋ ಅಂತ ನೋಡ್ತಾಳೆ” ಎಂದು ಚೆಂಬೂರಿನ ನಮ್ಮ ಬಿಲ್ಡಿಂಗಿನ ಹೆಂಗಸರ ಮುಂದೆಲ್ಲ ಹೇಳಿಕೊಂಡು ಬಂದಿದ್ದಳು. ನಗಲಿ ಬಿಡಿ. ಅಳತೆ ಗೊತ್ತಿಲ್ಲದೆ ಪೆನ್ಸಿಲ್ ಹಿಡಿಯುವುದೆಂದರೆ ಪಾತ್ರೆ ಎಷ್ಟು ದೊಡ್ಡದೆಂದು ನೋಡದೆ ಅಕ್ಕಿ ತೊಳೆದ ಹಾಗೆ. ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನಿಂದ ತೊಂಬತ್ತರ ಮೊದಲ ವರ್ಷಗಳವರೆಗೆ ನಾನು ಭಾಂಡುಪ್‌ನ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯ ಸ್ಟುಡಿಯೋದಲ್ಲಿ ಕಮರ್ಷಿಯಲ್ ಆರ್ಟಿಸ್ಟ್ ಆಗಿದ್ದೆ. ಅಪ್ಪ ರಿಫೈನರಿಯ ನೌಕರಿಗೆಂದು ಮೈಸೂರಿನಿಂದ ಬಂದವರು. ಮಗಳು ಬ್ಯಾಂಕಿನ ಪರೀಕ್ಷೆ ಬರೆದು ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಲಿ ಎಂಬುದು ಅವರ ಆಸೆ. ನಾನು ಹಟ ಹಿಡಿದು ಬ್ರಶ್ಶು, ಸ್ಕೇಲಿನ ದಾರಿ ಹಿಡಿದೆ. ದಿನಾ ಬೆಳಿಗ್ಗೆ ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿ ಗಾಡಿ ಬದಲಿಸಿ ಭಾಂಡುಪ್. ಮಾಡಿದ ಆರ್ಟ್‌ವರ್ಕ್ ಮಡಚಿಹೋಗಬಾರದೆಂದು ದೊಡ್ಡ ಚಪ್ಪಟೆ ಚೀಲವನ್ನು ತಲೆಯ ಮೇಲೆತ್ತಿ ಹಿಡಿದು ಲೇಡೀಸ್ ಡಬ್ಬಕ್ಕೆ ನುಗ್ಗುತ್ತಿದ್ದೆ. “ಪತಂಗ್‌ವಾಲೀ ಆ ಗಯೀ” ಎನ್ನುತ್ತ ಹೆಂಗಸರು ದಾರಿ ಬಿಡುತ್ತಿದ್ದರು. ಗಾಳಿಪಟದವಳಂತೆ! ಆದರೂ ದಾರಿ ಬಿಡುತ್ತಿದ್ದರಲ್ಲ, ಅದು ಮುಖ್ಯ.

ಸ್ಟುಡಿಯೋದಲ್ಲಿ ನನ್ನ ಹೆಸರು ಹೇಳಿ ಕರೆದವರು ಕಡಿಮೆ. “ಸೈಜ್ ಮ್ಯಾಡಮ್” ಎಂದೇ ಎಲ್ಲರೂ ಕರೆಯುತ್ತಿದ್ದರು. ಪೇಪರಿನ ಜಾಹೀರಾತಾದರೆ ಎಷ್ಟು ಕಾಲಮ್, ಎಷ್ಟು ಸೆಂಟಿಮೀಟರ್ ಎಂದು ನಾನು ಕೇಳದೆ ಬಿಡುತ್ತಿರಲಿಲ್ಲ. ಹ್ಯಾಂಡ್‌ಬಿಲ್ ಆದರೆ ಒಂದು ದೊಡ್ಡ ಶೀಟಿನಲ್ಲಿ ಎಷ್ಟು ಕೂರುತ್ತವೆ ಎಂದು ಮೊದಲು ಗೆರೆ ಹಾಕಿ ನೋಡುತ್ತಿದ್ದೆ. ಅರ್ಧ ಇಂಚು ದುರಾಸೆ ಮಾಡಿದರೆ ಎಂಟು ಬರುವ ಕಡೆ ಆರೇ ಬರುತ್ತವೆ, ಉಳಿದದ್ದು ರದ್ದಿ. ಅಂಚಿನವರೆಗೂ ಬಣ್ಣ ಬೇಕೆಂದರೆ ಕತ್ತರಿಸುವ ಗೆರೆಯ ಆಚೆಗೂ ಒಂದಿಷ್ಟು ಬಣ್ಣ ಹರಿಸಬೇಕು, ಇಲ್ಲದಿದ್ದರೆ ಕಟಿಂಗ್ ಆದಮೇಲೆ ಅಂಚಿನಲ್ಲಿ ಬಿಳಿ ಗೆರೆಯೊಂದು ಹಲ್ಲು ಕಿಸಿಯುತ್ತದೆ. ಇದೆಲ್ಲಕ್ಕಿಂತ ದೊಡ್ಡದು ನೋಡುವವನು ಎಲ್ಲಿ ನಿಂತಿರುತ್ತಾನೆ ಎಂಬುದು. ಕೈಯಲ್ಲಿ ಹಿಡಿದು ಓದುತ್ತಾನೋ, ರಸ್ತೆಯಾಚೆಯಿಂದಲೋ, ಓಡುವ ಲೋಕಲ್ ಗಾಡಿಯ ಕಿಟಕಿಯಿಂದಲೋ? ಅದನ್ನು ತಿಳಿಯದೆ ಕಾಗದ ಎಳೆದುಕೊಂಡ ಆರ್ಟಿಸ್ಟರ ಮೇಲೆ ನನಗೆ ಕೋಪ ಬರುತ್ತಿತ್ತು, ನಾನು ಅದನ್ನು ಬಚ್ಚಿಡುತ್ತಲೂ ಇರಲಿಲ್ಲ.

ನಮ್ಮ ಎಸ್ಟೇಟಿನ ಕಾಂಪೌಂಡಿಗೆ ಒರಗಿಕೊಂಡು ತಗಡಿನ ಒಂದು ಶೆಡ್ ಇತ್ತು. ಅದರೊಳಗೆ ಸಿಂದಗಿ ಕಡೆಯ ಒಬ್ಬ ಹೆಂಗಸು ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತವಾ ಒಂದನ್ನು ನಂಬಿಕೊಂಡು ನಿಂತವರು. ಬಿಲ್ಡಿಂಗ್ ಕೆಲಸಕ್ಕೆಂದು ವಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದ ಗಂಡಸರೆಲ್ಲ ಅಲ್ಲೇ ಉಣ್ಣುತ್ತಿದ್ದರು. ಎಲ್ಲರಿಗೂ ಅವರು ಅಕ್ಕ. ಆ ಗಂಡಸರ ನಡುವೆ ಪೋಲ್ಕಾ ಚುಕ್ಕಿಯ ಸೀರೆ ಉಟ್ಟು ಮಧ್ಯಾಹ್ನ ಊಟಕ್ಕೆ ಹೋಗುತ್ತಿದ್ದವಳು ನಾನೊಬ್ಬಳೇ. ಮೊದಲ ದಿನ ನಾನು ರೊಟ್ಟಿಯನ್ನು ಚಪಾತಿಯ ಹಾಗೆ ಸುರುಳಿ ಸುತ್ತಲು ಹೋಗಿ ಅದು ಮುರಿದಾಗ ಅಕ್ಕ ತವಾ ಬಿಟ್ಟು ಎದ್ದು ಬಂದಿದ್ದರು. “ಅಯ್ಯ, ಹಂಗಲ್ರೀ ಬಾಯಾರ! ಮುರಕೋರಿ, ಪಲ್ಯಾದಾಗ ಅದ್ದ್ರಿ, ಬಾಯಾಗ ಹಾಕೋರಿ. ಅದೇನ್ ನಿಮ್ಮ ಡ್ರಾಯಿಂಗ್ ಹಾಳಿ ಐತೇನು ಸುತ್ತಾಕ?” ಅಂದಿನಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತು.

ಆಮೇಲೆ ಆ ಶೆಡ್ ಇದ್ದ ಜಾಗದಲ್ಲೇ ಬಿಲ್ಡಿಂಗ್ ಏಳುತ್ತದೆಂದು ಗೊತ್ತಾಯಿತು. ಶೆಡ್ ತೆಗೆಸಿದರು. ಅಕ್ಕ ರೈಲು ಹಳಿಯ ಆಚೆ ಬದಿಯಲ್ಲಿ, ಒಂದು ಓಣಿಯೊಳಗೆ ಸಣ್ಣ ಗಾಳಾ, ಅಂದರೆ ಅಂಗಡಿಯಷ್ಟಗಲದ ಕೋಣೆ, ಹಿಡಿದು ತವಾ ಇಟ್ಟರು. ಗಾಳಾ ಚೆನ್ನಾಗಿಯೇ ಇತ್ತು; ನಲ್ಲಿ ಇತ್ತು, ಪಕ್ಕಾ ಗೋಡೆ ಇತ್ತು. ಇಲ್ಲದ್ದು ಜನ. ಹಳೆಯ ಗಿರಾಕಿಗಳು ಬೇರೆ ಬೇರೆ ಸೈಟಿಗೆ ಹೊರಟುಹೋಗಿದ್ದರು. ಊರಿಂದ ಹೊಸದಾಗಿ ಬಂದವರು ಹಳಿಯ ಮೇಲೆ ಹಾಯುವ ಸ್ಟೇಷನ್ನಿನ ಸೇತುವೆ, ಪುಲ್, ಇಳಿದು ಯಾರನ್ನೋ ಕೇಳಿ, ಭಾಷೆ ತಿಳಿಯದೆ, ಎಡಕ್ಕೆ ಹೋಗಿ ವಡಾಪಾವ್ ತಿಂದುಕೊಂಡು ಹೋಗುತ್ತಿದ್ದರು. ನಾನು ಪುಲ್ ದಾಟಿ ಹೋದಾಗೆಲ್ಲ ಬುಟ್ಟಿಯಲ್ಲಿ ರೊಟ್ಟಿಯ ರಾಶಿ ಹಾಗೇ ಇರುತ್ತಿತ್ತು. ಒಂದು ದಿನ ಅಕ್ಕ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದರು. “ತಿನ್ರಿ, ಯಾರಿಗಂತ ಇಡಲಿ ಇದನ್ನ? ದೀಪಾವಳಿ ಮಟಾ ನೋಡ್ತೀನ್ರೀ. ಆಮ್ಯಾಲ ತವಾ ಮಾರಿ ಊರಿಗೆ ಹೋಗೂದ. ಅಣ್ಣನ ಮನ್ಯಾಗ ಅತ್ತಿಗಿ ನೀಡಿದ್ದ ತಿಂದು ಮೂಲ್ಯಾಗ ಕುಂದರೂದ” ಎಂದರು. ಆ ಕೈಯಲ್ಲಿ ಬಡಿದ ರೊಟ್ಟಿಯನ್ನು ಊರಿನ ಎಷ್ಟು ಗಂಡಸರು ತಿಂದು ಗೋಡೆ ಎಬ್ಬಿಸಿದ್ದಾರೋ, ಆ ಹೆಂಗಸು ಇನ್ನೊಬ್ಬರ ಮನೆಯ ಮೂಲೆಯಲ್ಲಿ ಕೂರಬೇಕೆ? ತಟ್ಟೆ ಸರಿಸಿ ಎದ್ದೆ.

ಹೊರಗೆ ಬಂದು ತಲೆಯೆತ್ತಿ ನೋಡಿದಾಗ ಗೊತ್ತಾಯಿತು. ಬಾಗಿಲ ಮೇಲೆ ಹೊಸ ಬೋರ್ಡು. ಒಂದಡಿ ಎತ್ತರದ ಉದ್ದನೆಯ ಪಟ್ಟಿ. ಮೇಲಿನ ಸಾಲಿನಲ್ಲಿ ಮರಾಠಿ, ಕೆಳಗೆ ಕನ್ನಡ. ಕನ್ನಡದಲ್ಲಿ ಬರೆದಿತ್ತು: “ಅಕನ ರೊಟಿ ಖಾನಾವಳಿ”. ಒಂದು ಒತ್ತೂ ಇರಲಿಲ್ಲ. ಅಕ್ಕನ ಒತ್ತು ಹೋಗಿತ್ತು, ರೊಟ್ಟಿಯ ಒತ್ತು ಹೋಗಿತ್ತು. ಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದವನೊಬ್ಬ ಇನ್ನೊಬ್ಬನಿಗೆ “ಅಕಾ, ಒಂದ್ ರೊಟಿ ಕೊಡವಾ” ಎಂದು ಮೂಗಿನಲ್ಲಿ ಹೇಳಿ ನಗುತ್ತಿದ್ದ. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿದ್ದರು.

ಬೋರ್ಡು ಬರೆದ ಪೇಂಟರು ಸ್ಟೇಷನ್ ಹೊರಗೇ ಕೂರುತ್ತಿದ್ದವರು, ಮರಾಠಿಯಲ್ಲಿ ಚಂದದ ಕೈ. ನಾನು ನೇರವಾಗಿ ಹೋಗಿ ಜಗಳಕ್ಕೇ ನಿಂತೆ. ಅವರು ಬ್ರಶ್ ಒರೆಸಿಕೊಂಡು ಶಾಂತವಾಗಿ ಹೇಳಿದರು: “ಮ್ಯಾಡಮ್, ಜಾಗಾ ನಹೀ ಥಾ. ನೀಚೇವಾಲಾ ಛೋಟಾ ಛೋಟಾ ಸಬ್ ನಿಕಾಲ್ ದಿಯಾ.” ಜಾಗವಿರಲಿಲ್ಲವಂತೆ, ಕೆಳಗಿನ ಚಿಕ್ಕಚಿಕ್ಕದ್ದನ್ನೆಲ್ಲ ತೆಗೆದುಬಿಟ್ಟರಂತೆ! ಅವರು ಅದನ್ನು ಬಳ್ಳಿಯ ಹಾಗೆ ಅಲಂಕಾರ ಅಂದುಕೊಂಡಿದ್ದರು. ನಾನು ಮನಸ್ಸಿನಲ್ಲೇ ಆ ಪಟ್ಟಿಯನ್ನು ಅಳೆದು ನೋಡಿದೆ. ಅವರ ಲಿಪಿ ಮೇಲಿನ ಗೆರೆಗೆ ಜೋತುಬಿದ್ದು ಬರುತ್ತದೆ, ಕೆಳಗೆ ಅಷ್ಟೇನೂ ಇಳಿಯುವುದಿಲ್ಲ. ನಮ್ಮದು ಮೇಲೂ ಬೇಕು, ಕೆಳಗೂ ಬೇಕು. ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಮರಾಠಿಗೆ ಸಾಕಾದ ಪಟ್ಟಿಯಲ್ಲಿ ಕನ್ನಡವನ್ನು ಕೂರಿಸಬೇಕಾದರೆ ಒಂದೋ ಅಕ್ಷರ ಕುಗ್ಗಬೇಕು, ಇಲ್ಲವೇ ಒತ್ತು ಹೋಗಬೇಕು. ಅಲ್ಲಿ ಎರಡೂ ಆಗಿತ್ತು. ಪುಲ್ ಮೇಲೆ ನಿಂತು ನೋಡಿದರೆ ಬೋರ್ಡು ಇದೆ ಎಂಬುದೇ ತಿಳಿಯುತ್ತಿರಲಿಲ್ಲ. ತಪ್ಪು ಕೈಯದ್ದಲ್ಲ, ಅಳತೆಯದ್ದು ಎಂದ ಮೇಲೆ ಅದು ನನ್ನ ಕೆಲಸ.

ಅದೇ ವರ್ಷ ನಮ್ಮ ಸ್ಟುಡಿಯೋಗೆ ಕಂಪ್ಯೂಟರ್ ಬಂದಿತ್ತು. ಮಾಲಕರು ಅದಕ್ಕೆ ಹಾರ ಹಾಕಿ, ತೆಂಗಿನಕಾಯಿ ಒಡೆದು, ಪ್ರತ್ಯೇಕ ಏಸಿ ಕೋಣೆ ಮಾಡಿಸಿದ್ದರು. ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು. ಸಾಬೂನಿನ ಕಂಪನಿಯೊಂದಕ್ಕೆ “ನಮ್ಮ ಕಂಪ್ಯೂಟರಿನಲ್ಲಿ ಕನ್ನಡವೂ ಆಗುತ್ತದೆ” ಎಂದು ತೋರಿಸಲು ಅವರಿಗೆ ಒಂದು ಸ್ಯಾಂಪಲ್ ಬೇಕಿತ್ತು. ಬೆಂಗಳೂರಿನಿಂದ ಫ್ಲಾಪಿಯಲ್ಲಿ ಕನ್ನಡದ ಅಕ್ಷರಗಳನ್ನು ತರಿಸಿದ್ದರು. ಇಡೀ ಸ್ಟುಡಿಯೋದಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ಸ್ಯಾಂಪಲ್ಲಿಗೆ ಅಕ್ಕನ ಬೋರ್ಡನ್ನೇ ಮಾಡುತ್ತೇನೆ ಎಂದೆ. “ಖಾನಾವಳ್? ಹಮ್ ಲೋಗ್ ಖಾನಾವಳ್ ಕಾ ಬೋರ್ಡ್ ಬನಾಯೇಂಗೇ?” ಎಂದು ಮಾಲಕರು ಮೂಗು ಮುರಿದರು. ಊಟ ಮಾಡಿದವನಿಗೇ ತಾನೇ ಕೈತೊಳೆಯಲು ಸಾಬೂನು ಬೇಕಾಗುವುದು ಎಂದೆ. ನಕ್ಕುಬಿಟ್ಟರು. ನಕ್ಕ ಮೇಲೆ ಅವರಿಂದ ಇಲ್ಲ ಎನ್ನಲಾಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

ಆಪರೇಟರು ಕೇರಳದವರು, ಕೀಲಿಮಣೆಯ ಮೇಲೆ ಬೆರಳು ಓಡಿಸುವುದನ್ನು ನೋಡುವುದೇ ಒಂದು ಚಂದ. ನಾನು ಹೇಳಿದಂತೆ ಒತ್ತುತ್ತ ಹೋದರು. ಪರದೆಯ ತುಂಬ “ಅಕ್ಕನ ರೊಟ್ಟಿ” ಎಂದು ಎರಡು ಸಾಲಿನಲ್ಲಿ ಮೂಡಿತು. ಗಾಜಿನೊಳಗೆ ಕನ್ನಡ ಬೆಳಗಿದ್ದನ್ನು ನಾನು ಮೊದಲು ನೋಡಿದ್ದು ಅಂದೇ. ಅಬ್ಬಾ! ಮೈ ಜುಮ್ಮೆಂದಿತು. ಮಾಲಕರು ಕೈತಟ್ಟಿ “ಬಸ್, ಪ್ರಿಂಟ್ ನಿಕಾಲೋ” ಎಂದರು. ಪ್ರಿಂಟ್ ತೆಗೆದರೆ ಅಷ್ಟು ದೊಡ್ಡದಾಗಿ ಕಂಡದ್ದು ನನ್ನ ಅಂಗೈಯಷ್ಟೇ ಬಂತು. ಪರದೆ ಎಲ್ಲವನ್ನೂ ತನ್ನ ಮೈತುಂಬ ಹಿಗ್ಗಿಸಿ ತೋರಿಸುತ್ತದೆ, ನಿಜವಾದ ಇಂಚು ಎಷ್ಟೆಂದು ಅದರ ಮುಖ ನೋಡಿದರೆ ತಿಳಿಯುವುದಿಲ್ಲ. ಆ ದಿನ ಕಲಿತ ಪಾಠ ಇದು. ಜೊತೆಗೆ ಸಾಲುಗಳ ನಡುವಿನ ಅಂತರವನ್ನು ಯಂತ್ರ ಇಂಗ್ಲಿಷಿನ ಲೆಕ್ಕದಲ್ಲಿ ಇಟ್ಟಿತ್ತು. ಮೇಲಿನ ಸಾಲಿನ “ಕ್ಕ”ದ ಒತ್ತು ಕೆಳಗಿನ ಸಾಲಿನ “ಟ್ಟಿ”ಯ ಗುಡಿಸಿಗೆ ಹೋಗಿ ಗುದ್ದಿತ್ತು. ಎರಡೂ ಸೇರಿ ಯಾವ ಭಾಷೆಯಲ್ಲೂ ಇಲ್ಲದ ಒಂದು ಅಕ್ಷರ ಹುಟ್ಟಿತ್ತು.

“ಇದು ನಡೆಯಲ್ಲ” ಎಂದೆ. ಮಾಲಕರಿಗೆ ರೇಗಿತು. “ಕಂಪ್ಯೂಟರ್ ಗಲತ್ ನಹೀ ಕರ್ತಾ, ಮ್ಯಾಡಮ್!” ಕಂಪ್ಯೂಟರ್ ತಪ್ಪು ಮಾಡದಂತೆ. ನನಗೂ ರೇಗಿತು. ಮಾಡಿದೆಯಲ್ಲ ಸಾಹೇಬ್, ಓದಿ ನೋಡಿ ಎಂದು ಕಾಗದವನ್ನು ಅವರ ಮುಂದೆ ಹಿಡಿದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅದೇ ತಾನೇ ನನ್ನ ಮಾತು? ಓದಲು ಬರದ ನಿಮಗೆ ಇದು ಸರಿಯಾಗಿ ಕಾಣುತ್ತದೆ, ಓದಲು ಬರುವ ಒಬ್ಬನೇ ಒಬ್ಬನಿಗಾಗಿ ನಾವು ಇದನ್ನು ಮಾಡುತ್ತಿದ್ದೇವೆ ಎಂದೆ. ಆಪರೇಟರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಮಾಲಕರು “ಕಿತನಾ ಸೈಜ್ ಚಾಹಿಯೇ?” ಎಂದು ನನ್ನ ಮಾತನ್ನೇ ನನಗೆ ಕೇಳಿದರು. ಗೊತ್ತಿಲ್ಲ, ಪುಲ್ ಮೇಲೆ ನಿಂತು ನೋಡಿ ಹೇಳುತ್ತೇನೆ ಎಂದು ಎದ್ದೆ.

ಕಪ್ಪು ಕಾಗದದಲ್ಲಿ “ಕ್ಕ” ಅಕ್ಷರವನ್ನು ಬೇರೆಬೇರೆ ಎತ್ತರಕ್ಕೆ ಕತ್ತರಿಸಿ ಬಿಳಿ ಕಾರ್ಡಿಗೆ ಅಂಟಿಸಿಕೊಂಡು ಅಕ್ಕನ ಗಾಳಾಕ್ಕೆ ಹೋದೆ. ಬಾಗಿಲಲ್ಲಿ ನಿಂತು ಒಂದೊಂದನ್ನೇ ಎದೆಯ ಮೇಲೆ ಹಿಡಿಯಬೇಕು, ನಾನು ಪುಲ್ ಮೇಲಿಂದ ಕರ್ಚೀಫ್ ಬೀಸಿದರೆ ಮುಂದಿನದನ್ನು ಹಿಡಿಯಬೇಕು ಎಂದು ಹೇಳಿಕೊಟ್ಟೆ. ಅಕ್ಕ ಕಾರ್ಡನ್ನು ತಿರುವಿ ನೋಡಿದರು. “ಇದೇನ್ರೀ, ಕೆಳಗ ಜೋತು ಬಿದ್ದೈತಲ್ಲ?”

ಹೇಳಬೇಕೋ ಬೇಡವೋ ಎಂದು ಅನುಮಾನಿಸಿದೆ. ಹೇಳದೆ ದಾರಿ ಇರಲಿಲ್ಲ. “ಅದು ಒತ್ತು ಅಕ್ಕಾ. ಅದಿದ್ರೆ ಅಕ್ಕ. ಇಲ್ದಿದ್ರೆ ಬರೀ ಅಕ. ಬಾಗಿಲ ಮೇಲಿರೋ ಬೋರ್ಡಲ್ಲಿ ಅದಿಲ್ಲ.”

ಅಕ್ಕ ಬೋರ್ಡು ನೋಡಿದರು, ಕಾರ್ಡು ನೋಡಿದರು. “ಅಂದ್ರ ಇಷ್ಟ್ ದಿನಾ ನಾ ಅಕ ಆಗಿದ್ನೇನ್ರೀ? ನಿಂಬಿಹಣ್ಣ ಕಟ್ಟಿದ್ನೆಲ್ರೀ ಅದಕ್ಕ!” ಎಂದವರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. “ಮಂದಿ ನಗಾಕ ಹತ್ತಿದ್ರ ನಾ ರೊಟ್ಟಿ ಛಲೋ ಆಗ್ಯಾವ ಅಂತ ತಿಳಕೊಂಡಿದ್ನಿ” ಎಂದರು. ನಾನು ನಗಲಿಲ್ಲ. ಕೈ ಹಿಡಿದು ಬಾಗಿಲ ಬಳಿ ನಿಲ್ಲಿಸಿ ಪುಲ್ ಕಡೆಗೆ ಓಡಿದೆ.

ಪುಲ್ ಮೇಲೆ ಜನ ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದರು. ನಾನು ಕಂಬಿ ಹಿಡಿದು ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಅಲ್ಲಿ ಓಣಿಯಲ್ಲಿ ಅಕ್ಕ ಹಸಿರು ಸೀರೆಯಲ್ಲಿ ಸೈನಿಕರ ಹಾಗೆ ಸೆಟೆದು ನಿಂತಿದ್ದರು. ಕರ್ಚೀಫ್ ಬೀಸಿದೆ, ಮುಂದಿನ ಕಾರ್ಡು. ಮತ್ತೆ ಬೀಸಿದೆ. ರೈಲ್ವೆ ಪೊಲೀಸನೊಬ್ಬ ಬಂದು “ಓ ಬಾಯೀ, ಕೋಣಾಲಾ ಇಶಾರಾ?” ಎಂದು ಗದರಿಸಿದ, ಯಾರಿಗೆ ಸನ್ನೆ ಎಂದು. ಅಕ್ಷರ ನೋಡುತ್ತಿದ್ದೇನೆ ಎಂದೆ. ಅವನು ನನ್ನ ತಲೆ ಸರಿಯಿಲ್ಲ ಎಂದು ತೀರ್ಮಾನ ಮಾಡಿಕೊಂಡು ಹೋದ. ಐದಿಂಚಿನ ಅಕ್ಷರ ಇರುವೆಯ ಹಾಗೆ ಕಾಣುತ್ತಿತ್ತು. ಏಳಿಂಚಿನದರಲ್ಲಿ “ಕ” ತಿಳಿಯಿತು, ಒತ್ತು ಮಸಿ ಬಿದ್ದ ಹಾಗೆ ಅದಕ್ಕೇ ಅಂಟಿಕೊಂಡಿತ್ತು. ಒಂಬತ್ತಿಂಚಿಗೆ ಒತ್ತು ಇದೆ ಎಂದು ತಿಳಿಯಿತು, ಯಾವ ಒತ್ತು ಎಂದು ತಿಳಿಯಲಿಲ್ಲ. ಆಗ ಹೊಳೆಯಿತು: ಅಕ್ಷರ ಬೆಳೆಸಿದರೆ ಸಾಲದು, ಒತ್ತನ್ನೇ ಬೇರೆಯಾಗಿ ಬೆಳೆಸಬೇಕು, ಅಕ್ಷರದಿಂದ ಒಂದಿಷ್ಟು ಕೆಳಗೆ ಇಳಿಸಬೇಕು. ಪುಸ್ತಕ ಕೈಯಲ್ಲಿ ಹಿಡಿದು ಓದುವವನಿಗೆ ಮಾಡಿದ ಒತ್ತು ಪುಲ್ ಮೇಲೆ ನಿಂತವನಿಗೆ ಹೇಗೆ ಸಾಕಾದೀತು? ಇದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ, ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನಾನೇ ಕಂಡುಕೊಂಡದ್ದು. ಆ ಗದ್ದಲದ ನಡುವೆ ನನಗೆ ಕುಣಿಯಬೇಕೆನಿಸಿತು.

ಬಾಗಿಲ ಮೇಲಿನ ಪಟ್ಟಿಯಲ್ಲಿ ಇದೆಲ್ಲ ಹಿಡಿಯುವ ಮಾತೇ ಇಲ್ಲ. ಗೋಡೆಯಿಂದ ಹೊರಕ್ಕೆ ಚಾಚಿಕೊಂಡು ಪುಲ್ ಕಡೆಗೆ ಮುಖ ಮಾಡಿ ನಿಲ್ಲುವ ಬೋರ್ಡು ಬೇಕು ಎಂದು ನಿರ್ಧರಿಸಿದೆ. ನಾಲ್ಕಡಿ ಅಗಲ, ಮೂರೂವರೆ ಅಡಿ ಎತ್ತರ, ಎರಡೇ ಸಾಲು: “ಅಕ್ಕನ”, ಕೆಳಗೆ “ರೊಟ್ಟಿ”. ಮರಾಠಿಯ ಹಳೆಯ ಬೋರ್ಡು ಬಾಗಿಲ ಮೇಲೆ ಹಾಗೇ ಇರಲಿ, ಓಣಿಯವರು ಓದಿಕೊಳ್ಳುತ್ತಾರೆ. ಅದರ ಕನ್ನಡದ ಸಾಲನ್ನು ಮಾತ್ರ ಬಳಿದು ಅಳಿಸಬೇಕು. ಅಕ್ಕ ಇದಕ್ಕೆ ಸುಲಭಕ್ಕೆ ಒಪ್ಪಲಿಲ್ಲ.

“ಖಾನಾವಳಿ ಅನ್ನೂದ ಬಿಟ್ರೆಲ್ರೀ!”

“ರೊಟ್ಟಿ ಅಂದ್ಮೇಲೆ ಗೊತ್ತಾಗಲ್ವಾ ಅಕ್ಕಾ? ನೀವೇನು ರೊಟ್ಟಿ ಇಟ್ಕೊಂಡು ಸೀರೆ ಮಾರ್ತೀರಾ?”

“ದೇವರ ಫೋಟೋನಾದ್ರೂ ಹಾಕ್ರಿ ಒಂದು. ಜ್ವಾಳದ ತೆನಿ?”

“ಒಂದು ತೆನೆ ಹಾಕಿದ್ರೆ ನಿಮ್ಮ ಒತ್ತು ಕೆಳಗಿಳಿಯೋಕೆ ಜಾಗ ಇಲ್ಲ. ತೆನೆ ಬೇಕೋ ಒತ್ತು ಬೇಕೋ ಹೇಳಿ.”

ಅಕ್ಕ ತವಾದ ಮೇಲಿನ ರೊಟ್ಟಿ ಮಗುಚಿ ಹಾಕಿದರು. “ಒತ್ತ ಇರ್ಲಿ ಬಿಡ್ರಿ. ಇನ್ನೊಮ್ಮೆ ಅಕ ಆಗಾಕ ನನ್ನ ಕೈಲಿ ಆಗೂದಿಲ್ಲ” ಎಂದರು.

ಆಪರೇಟರು ಈಗ ನನ್ನ ಕಡೆಯಾಗಿದ್ದರು. ಸಾಲಿನ ಅಂತರ ಹಿಗ್ಗಿಸಿ, ಒತ್ತನ್ನು ಬೇರೆ ಅಳತೆಯಲ್ಲಿ ಕೂರಿಸಿದೆವು. ಆದರೆ ಸಣ್ಣ ಒತ್ತನ್ನು ಸುಮ್ಮನೆ ಹಿಗ್ಗಿಸಿದಾಗ ಅದು ಬಾತ ಬೆರಳಿನ ಹಾಗೆ ಕಂಡಿತು. ಅದನ್ನು ಮಾತ್ರ ನಾನು ಕೈಯಲ್ಲೇ ಬರೆದೆ, ಗೆರೆಯ ದಪ್ಪ ಮೇಲಿನ ಅಕ್ಷರಕ್ಕೆ ಹೊಂದುವ ಹಾಗೆ. ನಮ್ಮ ಪ್ರಿಂಟರು ಏಫೋರ್‌ಗಿಂತ ದೊಡ್ಡ ಹಾಳೆ ನುಂಗುತ್ತಿರಲಿಲ್ಲ. ಹಾಗಾಗಿ ಬೋರ್ಡನ್ನು ಚೌಕಚೌಕವಾಗಿ ಒಡೆದು, ಒಂದೊಂದು ಚೌಕವನ್ನೂ ಒಂದೊಂದು ಹಾಳೆಯಲ್ಲಿ ತೆಗೆದು ನೆಲದ ಮೇಲೆ ಜೋಡಿಸಿದೆವು. ಜೋಡಿಸಿ ನಿಂತು ನೋಡುತ್ತೇನೆ, ರೊಟ್ಟಿಯ ಒತ್ತಿನ ಬುಡ ಇಲ್ಲ! ಆ ಯಂತ್ರ ಹಾಳೆಯ ಅಂಚಿನವರೆಗೆ ಮುದ್ರಿಸುವುದಿಲ್ಲ, ಸುತ್ತ ಒಂದಿಷ್ಟು ಬಿಳಿ ಬಿಟ್ಟೇ ಬಿಡುತ್ತದೆ. ಹಾಳೆಯ ತುದಿಗೆ ಬಂದದ್ದನ್ನೆಲ್ಲ ತಿಂದುಹಾಕಿತ್ತು. “ಆ ಪೇಂಟರೂ ಒತ್ತು ತಿಂದ್ರು, ಈಗ ಈ ಡಬ್ಬಿನೂ ತಿಂತು. ಅಯ್ಯೋ, ನಮ್ಮ ಒತ್ತಿನ ಮೇಲೆ ಎಲ್ಲರಿಗೂ ಅದೇನು ಕಣ್ಣೋ!” ಎಂದು ಕನ್ನಡದಲ್ಲೇ ಕೂಗಿಕೊಂಡೆ. ಆಪರೇಟರಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು. ಹಾಳೆಗಳು ಒಂದರ ಮೇಲೊಂದು ಬೆರಳಗಲ ಏರುವ ಹಾಗೆ ಮತ್ತೆ ಅಳತೆ ಹಾಕಿ ಎಲ್ಲವನ್ನೂ ಮತ್ತೆ ತೆಗೆದೆವು. ಈ ಸಲ ಪೂರ್ತಿ ಬಂತು.

ಬೋರ್ಡಿಗೆ ಬಣ್ಣ ಬಳಿಯಲು ಬೇರೆ ಯಾರನ್ನೂ ಹುಡುಕಲಿಲ್ಲ. ಅದೇ ಪೇಂಟರನ್ನು ಕರೆದೆ. ಹಳದಿ ತಗಡಿನ ಮೇಲೆ ಹಾಳೆ ಹರಡಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲಿನ ಪುಡಿ ತಟ್ಟಿ ಅಚ್ಚು ಮೂಡಿಸಿಕೊಂಡರು. ಕಪ್ಪು ಬಣ್ಣ ತುಂಬುತ್ತ ತುಂಬುತ್ತ ಒತ್ತಿನ ಬಳಿ ಬಂದಾಗ ಬ್ರಶ್ ನಿಲ್ಲಿಸಿ ನನ್ನ ಮುಖ ನೋಡಿದರು. “ಏ ಛೋಟಾವಾಲಾ ಅಬ್ ಬಡಾ ಹೋ ಗಯಾ, ಮ್ಯಾಡಮ್” ಎಂದು ನಕ್ಕರು. ಚಿಕ್ಕದಾಗಿದ್ದದ್ದು ಈಗ ದೊಡ್ಡದಾಗಿದೆ, ಹೌದು. ಅವರು ಅದಕ್ಕೆ ಎರಡು ಕೋಟ್ ಕೊಟ್ಟರು.

ಬೋರ್ಡು ಏರಿಸಿದ ಮರುದಿನ ಮುಲುಂಡ್‌ನ ತಮ್ಮ ಮನೆಯಿಂದ ಲೋಕಲ್ ಗಾಡಿಯಲ್ಲಿ ಬಂದ ಮಾಲಕರು ಚಪ್ಪಲಿ ಬಿಡುತ್ತ “ಟ್ರೇನ್ ಸೇ ಭೀ ದಿಖ್ತಾ ಹೈ” ಎಂದರು. ಗಾಡಿಯಿಂದಲೂ ಕಾಣುತ್ತಂತೆ! ನಾನು ಏನೂ ಕೇಳದವಳ ಹಾಗೆ ಸ್ಕೇಲ್ ಒರೆಸುತ್ತಿದ್ದೆ. ಒಳಗೆ ಮಾತ್ರ ಹಿಗ್ಗಿಹೋಗಿದ್ದೆ.

ಆದರೆ ಬೋರ್ಡು ನೋಡಬೇಕಾದವರು ಇನ್ನೂ ಊರಲ್ಲಿದ್ದರು. ಹಿಂಗಾರಿ ಬಿತ್ತನೆ ಮುಗಿಸಿ ಅವರು ಮುಂಬಯಿಗೆ ಹೊರಡುವುದು ದಸರೆಯ ಆಸುಪಾಸಿನಲ್ಲಿ. ಅವರ ಕೈಗೆ ಒಂದು ಚೀಟಿ ತಲುಪಿಸಬೇಕು ಎಂದುಕೊಂಡೆ. ಮಾಲಕರು ಏಫೋರ್ ಹ್ಯಾಂಡ್‌ಬಿಲ್ ಹಾಕೋಣ, ತುಂಬ ಬರೆಯಬಹುದು ಎಂದರು. ಅಷ್ಟು ದೊಡ್ಡದನ್ನು ಗಾರೆ ಕೆಲಸದವನು ಎಲ್ಲಿಡುತ್ತಾನೆ? ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕುತ್ತಾನೆ; ಬೆವರಿಗೆ ಮಡಿಕೆಯಲ್ಲೇ ಹರಿಯುತ್ತದೆ. ಅಂಗಿಯ ಎದೆ ಜೇಬಿನಲ್ಲಿ ಬೀಡಿ ಕಟ್ಟಿನ ಪಕ್ಕ ಮಡಚದೆ ಕೂರುವ ಅಳತೆ ಬೇಕು ಎಂದು ಹಟ ಹಿಡಿದೆ. ಒಂದು ಕ್ಯಾಲೆಂಡರ್ ಕೆಲಸದಲ್ಲಿ ದಪ್ಪ ಕಾಗದದ ಅಂಚಿನ ಪಟ್ಟಿ ಉಳಿಯುವುದಿತ್ತು. ಆ ಪಟ್ಟಿಯಲ್ಲೇ ಸಾಲಾಗಿ ಕಾರ್ಡುಗಳನ್ನು ಕೂರಿಸಿದೆ. “ಅಕ್ಕನ ರೊಟ್ಟಿ. ಭಾಂಡುಪ್ ಸ್ಟೇಷನ್ ಪುಲ್ ಮ್ಯಾಲ ನಿಂತು ನೋಡ್ರಿ, ಕಾಣತೈತಿ.” ಅಷ್ಟೇ. ಕಟಿಂಗ್ ಮಶೀನಿನ ಪಕ್ಕ ಕೊನೆಯವರೆಗೆ ನಿಂತು ಬ್ಲೇಡು ಒತ್ತಿಗೆ ತಾಗದಂತೆ ನೋಡಿಕೊಂಡೆ. ಊರಿಗೆ ಹೊರಟು ಬುತ್ತಿಗೆಂದು ಹುಡುಕಿಕೊಂಡು ಬಂದ ಕೆಲವು ಹಳೆಯ ಗಿರಾಕಿಗಳಿಗೆ ಅಕ್ಕ ರೊಟ್ಟಿ ಗಂಟಿನ ಜೊತೆ ಹಿಡಿಹಿಡಿ ಕಾರ್ಡು ಕಟ್ಟಿಕೊಟ್ಟರು.

ದಸರೆ ಬಂತು, ಹೋಯಿತು. ಬುಟ್ಟಿಯಲ್ಲಿ ರೊಟ್ಟಿ ಉಳಿಯುತ್ತಲೇ ಇತ್ತು. ತವಾ ಕೊಳ್ಳಲು ಒಬ್ಬಾಕೆ ಬಂದು ನೋಡಿಕೊಂಡು ಹೋದಳು ಎಂದು ಪಕ್ಕದ ಗಾಳಾದವರಿಂದ ನನಗೆ ಗೊತ್ತಾಯಿತು. ಆ ವಾರವೆಲ್ಲ ನಾನು ಅಮ್ಮನ ಮೇಲೆ, ಅಪ್ಪನ ಮೇಲೆ, ಲೇಡೀಸ್ ಡಬ್ಬದ ಹೆಂಗಸರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಅಳತೆ ತಪ್ಪಿರಲಿಲ್ಲ, ಅದು ನನಗೆ ಖಂಡಿತ ಗೊತ್ತಿತ್ತು. ಅಳತೆ ಸರಿಯಿದ್ದರೂ ಅಕ್ಕ ಹೊರಟುಹೋದರೆ ಆ ಬೋರ್ಡನ್ನು ದಿನಾ ಗಾಡಿಯಿಂದ ನಾನು ಹೇಗೆ ನೋಡಲಿ ಎಂಬ ಭಯ.

ದೀಪಾವಳಿಗೆ ಮುಂಚಿನ ವಾರ ಒಂದು ಮಧ್ಯಾಹ್ನ ಊಟಕ್ಕೆಂದು ಪುಲ್ ಹತ್ತಿದೆ. ನಡುವೆ ದಾರಿಗಡ್ಡವಾಗಿ ಮೂವರು ಗಂಡಸರು ನಿಂತಿದ್ದರು. ಹೆಗಲ ಮೇಲೆ ಹಾಸಿಗೆ ಸುರುಳಿ, ಕೈಯಲ್ಲಿ ತಗಡಿನ ಪೆಟ್ಟಿಗೆ, ಎದೆ ಜೇಬಿನಲ್ಲಿ ನನ್ನ ಕಾರ್ಡು. ಹಿಂದಿನವರು ಬೈಯುತ್ತಿದ್ದರೂ ಅವರು ಕದಲುತ್ತಿರಲಿಲ್ಲ. ಮುಂದೆ ನಿಂತವನು ಕಂಬಿ ಹಿಡಿದು, ಓಣಿಯ ಕಡೆ ಬೆರಳು ಚಾಚಿ, ಶಾಲೆಯಲ್ಲಿ ಮೇಷ್ಟ್ರ ಮುಂದೆ ಓದುವವನ ಹಾಗೆ ಒಂದೊಂದೇ ಅಕ್ಷರ ಬಿಡಿಸುತ್ತಿದ್ದ. “ಅ... ಕ್ಕ... ನ.” ಒತ್ತನ್ನು ಒತ್ತಿಯೇ ಹೇಳಿದ. ಆಮೇಲೆ “ರೊ... ಟ್ಟಿ” ಎಂದ. “ಏ, ಅಕ್ಕನ ರೊಟ್ಟಿ! ಅಲ್ಲೈತಿ ನೋಡ್ರಲೇ!” ಮೂವರೂ ಮೆಟ್ಟಿಲು ಇಳಿದು ಓಡಿದರು. ನನ್ನ ಕಣ್ಣು ತುಂಬಿತು. ಹೆಮ್ಮೆಯಿಂದ ಅತ್ತೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನಾನು ಓಣಿಗೆ ಬರುವಷ್ಟರಲ್ಲಿ ಗಾಳಾದ ಹೊರಗೆ ಜನರ ಸಾಲು ನಿಂತಿತ್ತು. ಈ ಸಲ ಬಿತ್ತನೆ ತಡವಾಗಿ ಮುಗಿಸಿ ಒಂದೇ ಬೆಳಿಗ್ಗೆ ಊರಿನ ಗಾಡಿಗಳಿಂದ ಇಳಿದವರು, ಪೆಟ್ಟಿಗೆಗಳು, ಹಾಸಿಗೆಗಳು ಕಟ್ಟೆಯ ತುಂಬ. ಬಾಗಿಲಲ್ಲಿ ಇಣುಕಿದೆ. ಅಕ್ಕ ತಲೆಯೆತ್ತಲಿಲ್ಲ, ಕೈ ರೊಟ್ಟಿ ಬಡಿಯುತ್ತಲೇ ಇತ್ತು. ಯಾರೆಂದು ನೋಡದೆಯೇ “ಹಿಂದ ನಿಂದರ್ರಿ, ಪಾಳೇ ಐತಿ. ಎಲ್ಲಾರಿಗೂ ಸಿಗತಾವು” ಎಂದು ಗದರಿಸಿದರು. ನಾನು ಹಿಂದೆ ಹೋಗಿ ನನ್ನ ಬೋರ್ಡಿನ ಕೆಳಗೆ ಪಾಳಿಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಅಕ್ಕ ಖಾಲಿ ಬುಟ್ಟಿ ತೋರಿಸಿದರು. ರೊಟ್ಟಿ ಮುಗಿದಿತ್ತು.